ಹೆಡ್‌ಸೆಟ್‌ನಲ್ಲಿ ಇದ್ದಕ್ಕಿದ್ದಂತೆ ಚೀರಿದ ಸದ್ದು: ಕಿವಿಗೆ ಪೆಟ್ಟಾದರೆ ಏನು ಮಾಡಬೇಕು

ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಕೆಲಸ. ರಾತ್ರಿ ಪಾಳಿ. ಬೆಳಗಿನ ಜಾವ ಮೂರು ಗಂಟೆ ಇರಬಹುದು. ಒಬ್ಬ ಗ್ರಾಹಕರ ಹತ್ತಿರ ಬಿಲ್ಲಿನ ವಿಷಯ ಮಾತಾಡುತ್ತಿದ್ದೆ. ಅವರ ಕಡೆ ಏನಾಯಿತೋ ಗೊತ್ತಿಲ್ಲ, ನನ್ನ ಬಲಗಿವಿಯೊಳಗೆ ಚೂರಿ ಹಾಕಿದ ಹಾಗೆ ಒಂದು ಕಿರ್ರ್ ಸದ್ದು ನುಗ್ಗಿತು. ಒಂದೇ ಸೆಕೆಂಡ್. ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಎಸೆದೆ. ಎದೆ ಡವಡವ ಅನ್ನುತ್ತಿತ್ತು. ಆಮೇಲೆ ಏನು ಮಾಡಿದೆ ಗೊತ್ತಾ? ಮತ್ತೆ ಹಾಕಿಕೊಂಡು ಕಾಲ್ ಮುಗಿಸಿದೆ, ಪಾಳಿ ಮುಗಿಯುವ ತನಕ ಇನ್ನೂ ನಲವತ್ತು ಕಾಲ್ ತೆಗೆದುಕೊಂಡೆ.

ಮನೆಗೆ ಬಂದು ಮಲಗಿದರೆ ಅಡುಗೆಮನೆಯಲ್ಲಿ ಕುಕ್ಕರ್ ವಿಶಲ್ ಹಾಕಿತು. ಆ ಸದ್ದು ಕಿವಿಯ ಒಳಗೆ ಸೂಜಿ ಚುಚ್ಚಿದ ಹಾಗಾಯಿತು. ಕಿವಿ ಗುಂಯ್‌ಗುಡುತ್ತಿತ್ತು. ವಿಮಾನದಲ್ಲಿ ಕೂತಾಗ ಕಿವಿ ಕಟ್ಟುತ್ತದಲ್ಲ, ಹಾಗೆ ಕಟ್ಟಿಕೊಂಡಿತ್ತು. ಕೆನ್ನೆ ಜುಮ್ಮೆನ್ನುತ್ತಿತ್ತು. ಎರಡು ವಾರ ಬಿಟ್ಟು ಡಾಕ್ಟರ ಹತ್ತಿರ ಹೋದರೆ ಕಿವಿಯ ಪರೀಕ್ಷೆ ಮಾಡಿಸಿ, 'ಎಲ್ಲ ನಾರ್ಮಲ್ ಇದೆ' ಅಂದರು. ಆಫೀಸಿನಲ್ಲಿ 'ಎಲ್ಲರಿಗೂ ಆಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ನನಗೇ ನನ್ನ ಮೇಲೆ ಅನುಮಾನ ಬಂತು. ಸುಮ್ನೆ ನಾನೇ ದೊಡ್ಡದು ಮಾಡುತ್ತಿದ್ದೇನಾ ಅಂತ.

ಸುಮ್ನೆ ಅಲ್ಲ. ಇದಕ್ಕೆ ಅಕೂಸ್ಟಿಕ್ ಶಾಕ್ ಅಂತ ಹೆಸರಿದೆ. ಆ ರಾತ್ರಿ ಯಾರಾದರೂ ನನಗೆ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಇದನ್ನು ಅನುಭವಿಸಿದ್ದೇನೆ, ಆಮೇಲೆ ತುಂಬಾ ಓದಿದ್ದೇನೆ, ಇದೇ ಕೆಲಸದಲ್ಲಿರುವ ಗೆಳೆಯರ ಜೊತೆ ತುಂಬಾ ಮಾತಾಡಿದ್ದೇನೆ.

ಮೊದಲು, ಇದು ಏನು ಅಂತ ಅರ್ಥ ಮಾಡಿಕೊಳ್ಳಿ

ಪಟಾಕಿ ಕಿವಿಯ ಪಕ್ಕದಲ್ಲೇ ಸಿಡಿದರೆ, ಕಾರ್ಖಾನೆಯಲ್ಲಿ ಏನಾದರೂ ಸ್ಫೋಟವಾದರೆ ಕಿವಿಯ ತಮಟೆ ಹರಿಯಬಹುದು, ಒಳಗಿವಿಯ ನರಕೋಶಗಳು ಸಾಯಬಹುದು. ಅದು ಬೇರೆ ಗಾಯ. ಅಲ್ಲಿ ಸದ್ದಿನ ಬಲವೇ ಹಾನಿ ಮಾಡುತ್ತದೆ, ಕೇಳುವ ಶಕ್ತಿ ಇಳಿದದ್ದು ಪರೀಕ್ಷೆಯಲ್ಲಿ ಕಾಣುತ್ತದೆ.

ಅಕೂಸ್ಟಿಕ್ ಶಾಕ್‌ನಲ್ಲಿ ಸದ್ದು ಅಷ್ಟು ಜೋರಾಗಿಯೇ ಇರಬೇಕು ಅಂತಿಲ್ಲ. ಅದು ಹಠಾತ್ತಾಗಿ ಬರುತ್ತದೆ, ನೀವು ಎದುರು ನೋಡಿರುವುದಿಲ್ಲ, ಕಿವಿಗೆ ಅಂಟಿಕೊಂಡೇ ಬರುತ್ತದೆ. ಬಯಲಲ್ಲಿ ಸದ್ದಾದರೆ ತಲೆ ತಿರುಗಿಸುತ್ತೇವೆ, ಕೈ ಅಡ್ಡ ಹಿಡಿಯುತ್ತೇವೆ. ಹೆಡ್‌ಸೆಟ್ ಇದ್ದರೆ ಎಲ್ಲಿಗೆ ತಿರುಗಿದರೂ ಸದ್ದು ಜೊತೆಯಲ್ಲೇ ಬರುತ್ತದೆ, ಅಲ್ವಾ?

ಕಿವಿಯ ತಮಟೆಯ ಹಿಂದೆ, ಸುತ್ತಿಗೆ ಅನ್ನುವ ಪುಟ್ಟ ಮೂಳೆಗೆ ಅಂಟಿಕೊಂಡು ಒಂದು ಸಣ್ಣ ಸ್ನಾಯು ಇದೆ. ಹೆಸರು ಟೆನ್ಸರ್ ಟಿಂಪನಿ. ಬೆಚ್ಚಿಬಿದ್ದಾಗ ಅದು ಬಿಗಿಯುತ್ತದೆ, ತಮಟೆಯನ್ನು ಒಳಕ್ಕೆ ಎಳೆಯುತ್ತದೆ. ಸಾಮಾನ್ಯವಾಗಿ ಆಮೇಲೆ ಸಡಿಲವಾಗಬೇಕು. ದೊಡ್ಡದಾಗಿ ಬೆಚ್ಚಿಬಿದ್ದ ಮೇಲೆ ಕೆಲವರಲ್ಲಿ ಅದು ಸಣ್ಣಪುಟ್ಟ ಸದ್ದಿಗೂ, ಕೆಲವೊಮ್ಮೆ ಸದ್ದು ಬಂದೀತು ಅನ್ನುವ ಭಯಕ್ಕೂ ಬಿಗಿಯಲು ಶುರುವಾಗುತ್ತದೆ. ಕಿವಿ ತುಂಬಿದ ಹಾಗೆ, ಒಳಗೆ ಪಟಪಟ ಬಡಿದ ಹಾಗೆ ಅನ್ನಿಸುವುದು ಇದರಿಂದಲೇ ಇರಬೇಕು ಅಂತ ತಜ್ಞರು ಹೇಳುತ್ತಾರೆ. ಈ ಸ್ನಾಯುವಿಗೆ ಹೋಗುವ ನರವೇ ದವಡೆ, ಕೆನ್ನೆಗೂ ಹೋಗುತ್ತದೆ. ಹಾಗಾಗಿ ಕೆನ್ನೆ ಜುಮ್ಮೆನ್ನುವುದು, ದವಡೆ ನೋಯುವುದು ನಿಮ್ಮ ಕಲ್ಪನೆ ಅಲ್ಲ.

ಮೆಲ್ಬರ್ನ್‌ನ ಆಡಿಯಾಲಜಿಸ್ಟ್ (ಕೇಳುವ ಶಕ್ತಿ ಪರೀಕ್ಷಿಸುವ ತಜ್ಞೆ) ಮಿರಿಯಮ್ ವೆಸ್ಟ್‌ಕಾಟ್ 2006ರಲ್ಲಿ ಕಾಲ್ ಸೆಂಟರ್ ನೌಕರರ ಈ ತೊಂದರೆಯ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರವಾಗಿ ಬರೆದರು. ಅಂದರೆ ಇದು ನಿಮ್ಮೊಬ್ಬರಿಗೆ ಆದದ್ದಲ್ಲ, ಹೊಸದೂ ಅಲ್ಲ.

ಮೊದಲ ಹತ್ತು ನಿಮಿಷ

ಹೆಡ್‌ಸೆಟ್ ತೆಗೆಯಿರಿ. ಕಾಲ್ ಕಟ್ ಆದರೂ ಪರವಾಗಿಲ್ಲ. ಆಮೇಲೆ ಹೊಸ ಕಾಲ್ ಬರದ ಹಾಗೆ ಸಿಸ್ಟಮ್ ಆಕ್ಸ್‌ಗೆ ಹಾಕಿ, ಪಕ್ಕದವರಿಗೆ ಹೇಳಿ, ಎದ್ದು ಸದ್ದಿಲ್ಲದ ಕಡೆ ಹೋಗಿ. ಎಲ್ಲರೂ ಕಾಲ್ ತೆಗೆದುಕೊಳ್ಳುವ ಹಾಲ್‌ನಲ್ಲೇ, ಅಂದರೆ ಫ್ಲೋರ್‌ನಲ್ಲೇ ಕೂರಬೇಡಿ. ಮೀಟಿಂಗ್ ರೂಮ್ ಆಗಬಹುದು, ಮೆಟ್ಟಿಲ ಹತ್ತಿರ ಆಗಬಹುದು. ಕ್ಯಾಂಟೀನ್ ಬೇಡ, ಅಲ್ಲಿ ಪ್ಲೇಟುಗಳ ಸದ್ದು.

ಕೂತುಕೊಳ್ಳಿ. ನೀರು ಕುಡಿಯಿರಿ. ಹಲ್ಲು ಕಚ್ಚಿ ಹಿಡಿದಿದ್ದರೆ ಬಿಡಿ, ಹೆಗಲು ಇಳಿಬಿಡಿ. ಬೆಚ್ಚಿದ ಮೈ ಸಡಿಲವಾದಷ್ಟೂ ಒಳ್ಳೆಯದು. ಉಸಿರನ್ನು ಹೊರಗೆ ಬಿಡುವುದು ನಿಧಾನವಾಗಲಿ.

ಕಿವಿಯೊಳಗೆ ಏನನ್ನೂ ಹಾಕಬೇಡಿ. ನಮ್ಮ ಮನೆಗಳಲ್ಲಿ ಕಿವಿನೋವು ಅಂದ ತಕ್ಷಣ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ರೂಢಿ ಇದೆ. ನನ್ನ ಅಮ್ಮನೂ ಎಣ್ಣೆ ಬಿಸಿ ಮಾಡಿಕೊಂಡೇ ಬಂದಿದ್ದರು. ಬೇಡ. ತಮಟೆ ಹರಿದಿದ್ದರೆ ಆ ಎಣ್ಣೆ ಒಳಗೆ ಹೋಗಿ ಸೋಂಕು ತರಬಹುದು. ಇಯರ್ ಬಡ್ಸ್ ಹಾಕಿ ಕೆದಕುವುದೂ ಬೇಡ, ಮೂಗು ಹಿಡಿದು ಜೋರಾಗಿ ಊದುವುದೂ ಬೇಡ.

'ಇನ್ನೊಂದು ಕಿವಿಗೆ ಹಾಕಿಕೊಂಡು ಮುಂದುವರಿಸಿ' ಅಂತ ಯಾರಾದರೂ ಹೇಳಬಹುದು. ಆ ಪಾಳಿಗೆ ಅದೂ ಬೇಡ. ಕ್ಯೂನಲ್ಲಿ ಎಷ್ಟೇ ಕಾಲ್ ಇರಲಿ.

ಅದೇ ಪಾಳಿಯಲ್ಲಿ ಬರೆದಿಡಿ

ನನ್ನ ದೊಡ್ಡ ತಪ್ಪು ಇದೇ. ಬಾಯಲ್ಲಿ ಹೇಳಿದೆ, ಬರೆಯಲಿಲ್ಲ. ಎರಡು ವಾರ ಬಿಟ್ಟು ಮೇಲ್ ಹಾಕಿದಾಗ 'ಆ ದಿನ ನೀವು ಪೂರ್ತಿ ಪಾಳಿ ಮಾಡಿದ್ದೀರಲ್ಲ' ಅಂತ ಉತ್ತರ ಬಂತು. ಅದಕ್ಕೆ ನನ್ನ ಹತ್ತಿರ ಏನೂ ಹೇಳಲು ಇರಲಿಲ್ಲ.

ಟೀಮ್ ಲೀಡರ್‌ಗೆ ಮೇಲ್ ಹಾಕಿ, ಎಚ್‌ಆರ್‌ಗೂ ಕಾಪಿ ಕಳಿಸಿ. ಉದ್ದ ಬೇಡ. ಆಫೀಸಿನ ಭಾಷೆ ಇಂಗ್ಲಿಷ್ ಆಗಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ವಿಷಯ ಮಾತ್ರ ಹೀಗಿರಲಿ:

'ಇವತ್ತು ಬೆಳಗಿನ ಜಾವ 3:10ಕ್ಕೆ, ಈ ನಂಬರಿನ ಕಾಲ್‌ನಲ್ಲಿ, ಹೆಡ್‌ಸೆಟ್‌ನ ಬಲಗಡೆ ಹಠಾತ್ತಾಗಿ ಚೂಪಾದ ಜೋರು ಸದ್ದು ಬಂತು. ಸುಮಾರು ಒಂದು ಸೆಕೆಂಡ್ ಇತ್ತು. ತಕ್ಷಣ ಕಿವಿನೋವು, ಗುಂಯ್ ಸದ್ದು, ತಲೆಸುತ್ತು ಶುರುವಾಯಿತು. ಹೆಡ್‌ಸೆಟ್ ತೆಗೆದು ಫ್ಲೋರ್‌ನಿಂದ ಹೊರಗೆ ಬಂದೆ. ದಯವಿಟ್ಟು ಈ ಕಾಲ್‌ನ ರೆಕಾರ್ಡಿಂಗ್ ಅಳಿಸದೆ ಇಡಿ, ಈ ಹೆಡ್‌ಸೆಟ್ ಬೇರೆ ಯಾರಿಗೂ ಕೊಡದೆ ಪರೀಕ್ಷೆಗೆ ಕಳಿಸಿ. ಈ ಘಟನೆಯನ್ನು ಅಪಘಾತದ ರಿಜಿಸ್ಟರ್‌ನಲ್ಲಿ ಬರೆಯಿರಿ.'

ರೆಕಾರ್ಡಿಂಗ್ ವಿಷಯ ಮರೆಯಬೇಡಿ. ಕಾಲ್ ಸೆಂಟರ್‌ಗಳಲ್ಲಿ ಎಲ್ಲವೂ ರೆಕಾರ್ಡ್ ಆಗುತ್ತದೆ, ಆದರೆ ಕೆಲವು ದಿನ ಅಥವಾ ತಿಂಗಳು ಬಿಟ್ಟು ಅಳಿಸಿಹೋಗುತ್ತದೆ. ಒಂದು ಎಚ್ಚರಿಕೆ: ರೆಕಾರ್ಡಿಂಗ್‌ನಲ್ಲಿ ಸದ್ದು ಸಣ್ಣದಾಗಿ ಕೇಳಬಹುದು, ಯಾಕೆಂದರೆ ರೆಕಾರ್ಡ್ ಮಾಡುವ ಯಂತ್ರ ಜೋರು ಸದ್ದನ್ನು ಕತ್ತರಿಸಿರಬಹುದು. 'ಇಷ್ಟೇನಾ?' ಅಂತ ಯಾರಾದರೂ ಕೇಳಿದರೆ ಇದನ್ನು ಹೇಳಿ.

ಮನೆಯಲ್ಲೂ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎರಡು ಸಾಲು ಸಾಕು. ಯಾವ ಸದ್ದಿಗೆ ನೋಯಿತು, ನಿದ್ದೆ ಎಷ್ಟು ಬಂತು, ಗುಂಯ್ ಸದ್ದು ಯಾವಾಗ ಜಾಸ್ತಿ. ಡಾಕ್ಟರ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದೆ. ಆಗ ಇದು ಕೈ ಹಿಡಿಯುತ್ತದೆ.

ಡಾಕ್ಟರ ಹತ್ತಿರ ಯಾವಾಗ, ಹೇಗೆ

ಕೆಲವು ಲಕ್ಷಣ ಕಂಡರೆ ಕಾಯಬೇಡಿ, ಅದೇ ದಿನ ಇಎನ್‌ಟಿ ಡಾಕ್ಟರನ್ನು ನೋಡಿ: ಕಿವಿಯಿಂದ ರಕ್ತ ಅಥವಾ ನೀರು ಬರುವುದು, ಒಂದು ಕಿವಿ ಪೂರ್ತಿ ಅಥವಾ ತುಂಬಾ ಮಂದವಾಗುವುದು, ನಿಲ್ಲಲಾಗದಷ್ಟು ತಲೆಸುತ್ತು, ಮುಖದ ಒಂದು ಬದಿ ಸೋಲುವುದು. ಅದರಲ್ಲೂ ಕಿವಿ ಹಠಾತ್ತಾಗಿ ಕೇಳಿಸದಂತಾದರೆ ಅದು ತುರ್ತು. ಒಳಗಿವಿಗೆ ಪೆಟ್ಟಾಗಿದ್ದರೆ ಡಾಕ್ಟರ್ ಸ್ಟೀರಾಯ್ಡ್ ಕೊಡಬಹುದು, ಅದು ಎಷ್ಟು ಬೇಗ ಶುರುವಾದರೆ ಅಷ್ಟು ಉಪಯೋಗ. ವಾರಗಟ್ಟಲೆ ಬಿಟ್ಟು ಹೋದರೆ ಅವಕಾಶ ಕೈತಪ್ಪುತ್ತದೆ. 'ತಾನಾಗಿಯೇ ಬಿಟ್ಟುಕೊಳ್ಳುತ್ತೆ' ಅಂತ ಕಾಯುವುದು ಬೇಡ.

ಇವೇನೂ ಇಲ್ಲದಿದ್ದರೂ ಎರಡು ಮೂರು ದಿನದೊಳಗೆ ತೋರಿಸಿ. ಡಾಕ್ಟರ್ ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ತಮಟೆ ನೋಡುತ್ತಾರೆ. ಆಮೇಲೆ ಆಡಿಯೋಗ್ರಾಮ್ ಮಾಡಿಸುತ್ತಾರೆ, ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಸಣ್ಣ ಸಣ್ಣ ಬೀಪ್ ಕೇಳಿಸುವ ಪರೀಕ್ಷೆ. ಅದರಿಂದ ತೊಂದರೆ ಇಲ್ಲ. ಆದರೆ ಮಧ್ಯಕಿವಿಯ ಪರೀಕ್ಷೆಯ ಜೊತೆಗೆ ರಿಫ್ಲೆಕ್ಸ್ (ಸದ್ದಿಗೆ ಕಿವಿಯ ಸ್ನಾಯು ತಾನಾಗಿ ಬಿಗಿಯುವುದು) ನೋಡುವಾಗ ಜೋರು ಸದ್ದು ಬಿಡುತ್ತಾರೆ, ಎಷ್ಟು ಸದ್ದು ತಡೆಯುತ್ತೀರಿ ಅಂತ ನೋಡುವ ಪರೀಕ್ಷೆಯಲ್ಲೂ ಸದ್ದು ಏರಿಸುತ್ತಾ ಹೋಗುತ್ತಾರೆ. ಪೆಟ್ಟಾದ ಹೊಸದರಲ್ಲಿ ಇವು ನೋವನ್ನು ಹೆಚ್ಚಿಸಬಹುದು. ಆದ್ದರಿಂದ ಒಳಗೆ ಹೋಗುವ ಮೊದಲೇ ಆಡಿಯಾಲಜಿಸ್ಟ್‌ಗೆ ಹೇಳಿ: 'ನನಗೆ ಹಠಾತ್ ಸದ್ದಿನಿಂದ ಪೆಟ್ಟಾಗಿದೆ, ಜೋರು ಸದ್ದಿನ ಪರೀಕ್ಷೆ ಈಗ ಬೇಕೇ ಬೇಕಾ, ಮುಂದೆ ಹಾಕಬಹುದಾ?' ಎಂಆರ್‌ಐ ಬರೆದುಕೊಟ್ಟರೂ ಇದೇ ಮಾತು ಕೇಳಿ. ಆ ಯಂತ್ರ ಭಾರಿ ಸದ್ದು ಮಾಡುತ್ತದೆ. ಮಾಡಿಸಲೇಬೇಕು ಅಂದರೆ ಕಿವಿಗೆ ಸರಿಯಾದ ರಕ್ಷಣೆ ಹಾಕಿಸಿಕೊಳ್ಳಿ.

ಇನ್ನು ಆ 'ನಾರ್ಮಲ್' ವಿಷಯ. ಆಡಿಯೋಗ್ರಾಮ್ ನೋಡುವುದು ಒಂದೇ ಒಂದು ಸಂಗತಿ: ಎಷ್ಟು ಸಣ್ಣ ಸದ್ದು ನಿಮಗೆ ಕೇಳಿಸುತ್ತದೆ ಅಂತ. ನೋವು ಇದೆಯಾ, ಸ್ನಾಯು ಬಿಗಿದಿದೆಯಾ, ಸದ್ದಿನ ಭಯ ಇದೆಯಾ ಅನ್ನುವುದು ಅದರಲ್ಲಿ ಬರುವುದೇ ಇಲ್ಲ. ಕಾಲು ಉಳುಕಿದವರ ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಅಂದ ಮಾತ್ರಕ್ಕೆ ಕಾಲು ನೋಯುತ್ತಿಲ್ಲ ಅಂತಲ್ಲವಲ್ಲ? ಅಕೂಸ್ಟಿಕ್ ಶಾಕ್ ಆದವರಲ್ಲಿ ಆಡಿಯೋಗ್ರಾಮ್ ನಾರ್ಮಲ್ ಬರುವುದು ತೀರಾ ಸಾಮಾನ್ಯ. ನಾರ್ಮಲ್ ಬಂದರೆ ಒಂದು ಕಡೆಯಿಂದ ಖುಷಿಪಡಿ, ಕೇಳುವ ಶಕ್ತಿ ಉಳಿದಿದೆ. ಆದರೆ ಚೀಟಿಯಲ್ಲಿ ನಿಮ್ಮ ಲಕ್ಷಣಗಳನ್ನೆಲ್ಲ ಬರೆಸಿಕೊಳ್ಳದೆ ಎದ್ದು ಬರಬೇಡಿ. 'ಕೆಲಸದಲ್ಲಿ ಹೆಡ್‌ಸೆಟ್‌ನ ಹಠಾತ್ ಸದ್ದಿನ ನಂತರ' ಅನ್ನುವ ಮಾತು ಅದರಲ್ಲಿ ಇರಲೇಬೇಕು.

ಎಲ್ಲ ಡಾಕ್ಟರಿಗೂ ಈ ತೊಂದರೆ ಪರಿಚಯ ಇರುವುದಿಲ್ಲ. ನೀವೇ ಹೆಸರು ಹೇಳಿ, ತಪ್ಪೇನಿಲ್ಲ. ಆಡಿಯಾಲಜಿಸ್ಟ್‌ಗಳಲ್ಲಿ ಕಿವಿಯ ಗುಂಯ್ ಸದ್ದು, ಸದ್ದು ತಡೆಯಲಾಗದ ತೊಂದರೆ ನೋಡುವವರನ್ನು ಹುಡುಕಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಆಯಿಷ್ ಅಂತ ಕರೆಯುತ್ತಾರೆ. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಕಿವಿ ಮತ್ತು ಮಾತಿನ ತೊಂದರೆಗಳಿಗೆಂದೇ ಇರುವುದು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರಬಹುದು.

ಮನೆಯಲ್ಲಿ, ಮೊದಲ ಕೆಲವು ವಾರ

ಬಹಳ ಜನರಿಗೆ ಕೆಲವು ಗಂಟೆ ಅಥವಾ ಕೆಲವು ದಿನದಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ನನಗೆ ಮೂರು ತಿಂಗಳು ಹಿಡಿಯಿತು.

ಈ ಹೊತ್ತಿನಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಏನೂ ಆಗಿಲ್ಲ ಅನ್ನುವ ಹಾಗೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುವುದು, ಮದುವೆ ಮನೆಯ ಡಿಜೆ ಮುಂದೆ ನಿಲ್ಲುವುದು. ಇದು ತಪ್ಪು ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ತಪ್ಪು ಗೊತ್ತಾಗುವುದಿಲ್ಲ: ದಿನಪೂರ್ತಿ ಕಿವಿಗೆ ಹತ್ತಿ ತುರುಕಿಕೊಂಡು ಬಾಗಿಲು ಮುಚ್ಚಿ ಕೂರುವುದು. ನಾನು ಅದನ್ನೇ ಮಾಡಿದೆ. ಮೊದಲ ವಾರ ಹಾಯಾಗಿತ್ತು. ಆಮೇಲೆ ಸ್ಟೀಲ್ ಲೋಟ ಕೆಳಗೆ ಇಟ್ಟ ಸದ್ದೂ ತಡೆಯಲಾಗಲಿಲ್ಲ. ಪೂರ್ತಿ ನಿಶ್ಶಬ್ದದಲ್ಲಿದ್ದರೆ ಮೆದುಳು ಕಿವಿಯ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ. ಆಗ ಸಣ್ಣ ಸದ್ದೂ ದೊಡ್ಡದಾಗುತ್ತದೆ, ಗುಂಯ್ ಸದ್ದೂ ಜಾಸ್ತಿಯಾಗುತ್ತದೆ.

ಇಯರ್‌ಪ್ಲಗ್ ನಿಜವಾಗಿ ಜೋರು ಸದ್ದಿರುವ ಕಡೆಗೆ ಮಾತ್ರ. ಡ್ರಿಲ್ಲಿಂಗ್ ನಡೆಯುವ ರಸ್ತೆ, ದೀಪಾವಳಿ ಪಟಾಕಿ, ಡೊಳ್ಳು ತಮಟೆಯ ಮೆರವಣಿಗೆ. ಮನೆಯೊಳಗೆ ಬೇಡ. ಕುಕ್ಕರ್, ಮಿಕ್ಸಿ ಹಾಕುವ ಮೊದಲು ಒಂದು ಮಾತು ಹೇಳಿ ಅಂತ ಮನೆಯವರಿಗೆ ತಿಳಿಸಿ. ಮುಂಚೆಯೇ ಗೊತ್ತಿದ್ದ ಸದ್ದು ಅಷ್ಟು ನೋಯಿಸುವುದಿಲ್ಲ, ಇದು ನಾನು ಮಾಡಿ ನೋಡಿದ್ದು. ರಾತ್ರಿ ಫ್ಯಾನ್ ಇರಲಿ, ಅಥವಾ ಮಳೆಯ ಸದ್ದನ್ನು ಫೋನಿನ ಸ್ಪೀಕರ್‌ನಲ್ಲಿ ಮೆಲ್ಲಗೆ ಹಾಕಿಡಿ. ಇಯರ್‌ಫೋನ್‌ನಲ್ಲಿ ಬೇಡ. ದಿನಾ ಸ್ವಲ್ಪ ಸ್ವಲ್ಪವಾಗಿ ಸಾಮಾನ್ಯ ಸದ್ದುಗಳ ಹತ್ತಿರ ಹೋಗಿ: ಇವತ್ತು ಪಾರ್ಕ್, ನಾಳೆ ಅಂಗಡಿ ಬೀದಿ. ನೋವು ಏರಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ದವಡೆ, ಕುತ್ತಿಗೆ ಬಿಗಿದಿದ್ದರೆ ಬಿಸಿನೀರಿನ ಶಾಖ ಕೊಡಿ. ಫಿಸಿಯೋಥೆರಪಿಯಿಂದಲೂ ಕೆಲವರಿಗೆ ಅನುಕೂಲವಾಗುತ್ತದೆ. ಕೆಲವು ದಿನ ಚಕ್ಕುಲಿ, ಚೂಯಿಂಗ್ ಗಮ್ ಬಿಡಿ.

ಮನಸ್ಸಿಗೂ ಪೆಟ್ಟು ಬಿದ್ದಿರುತ್ತದೆ

ಫೋನ್ ರಿಂಗ್ ಆದರೆ ಕೈ ಬೆವರುವುದು. ಕ್ಯಾಬ್ ಆಫೀಸಿನ ಗೇಟ್ ದಾಟುವಾಗ ಹೊಟ್ಟೆ ಕಿವುಚುವುದು. ನಿದ್ದೆಯಲ್ಲಿ ಆ ಸದ್ದು ಮತ್ತೆ ಕೇಳಿದ ಹಾಗಾಗಿ ಎದ್ದು ಕೂರುವುದು. ಇದೆಲ್ಲ ಆಗುತ್ತದೆ. ನೀವು ದುರ್ಬಲರು ಅಂತ ಅಲ್ಲ, ಮೈ ಅಪಾಯವನ್ನು ನೆನಪಿಟ್ಟುಕೊಂಡಿದೆ ಅಷ್ಟೇ. ಆದರೆ ಭಯ ಹೆಚ್ಚಾದರೆ ಆ ಪುಟ್ಟ ಸ್ನಾಯು ಇನ್ನೂ ಬಿಗಿಯುತ್ತದೆ, ಬಿಗಿದರೆ ನೋವು, ನೋವಿನಿಂದ ಮತ್ತೆ ಭಯ. ಈ ಸುತ್ತು ಮುರಿಯಬೇಕಾದರೆ ಎರಡಕ್ಕೂ ಚಿಕಿತ್ಸೆ ಬೇಕು. 'ಟೆನ್ಷನ್‌ನಿಂದ ಆಗಿದ್ದು' ಅಂತ ಯಾರಾದರೂ ತಳ್ಳಿಹಾಕಿದರೆ ಬೇಜಾರಾಗುವುದು ಸಹಜ. ಹಾಗಂತ ಕೌನ್ಸೆಲಿಂಗ್ ಬೇಡ ಅನ್ನಬೇಡಿ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಗುಂಯ್ ಸದ್ದಿನ ಕಿರಿಕಿರಿಗೂ ಭಯಕ್ಕೂ ನಿಜಕ್ಕೂ ಕೆಲಸ ಮಾಡುತ್ತದೆ.

ದುಡ್ಡಿಲ್ಲ, ಯಾರ ಹತ್ತಿರ ಹೇಳುವುದು ಅಂತ ಗೊತ್ತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಕಿವಿಗೆ ಹಿಡಿಯಲು ಆಗದಿದ್ದರೆ ಸ್ಪೀಕರ್‌ಗೆ ಹಾಕಿ ದೂರ ಇಟ್ಟುಕೊಳ್ಳಿ.

ಕಂಪನಿಯ ಹತ್ತಿರ ಏನು ಕೇಳಬೇಕು

ಹೆಡ್‌ಸೆಟ್‌ನಲ್ಲಿ ಅಥವಾ ಅದಕ್ಕೆ ಜೋಡಿಸುವ ಡಬ್ಬಿಯಲ್ಲಿ ಸದ್ದಿಗೆ ಕಡಿವಾಣ ಹಾಕುವ ಲಿಮಿಟರ್ ಇರುತ್ತದೆ. ಸಾಮಾನ್ಯವಾಗಿ ಅದು ಸದ್ದನ್ನು 118 ಡೆಸಿಬಲ್‌ಗೆ ನಿಲ್ಲಿಸುತ್ತದೆ. ನಿಮ್ಮ ಹೆಡ್‌ಸೆಟ್‌ನಲ್ಲಿ ಅದು ಇದೆಯಾ ಅಂತ ಕೇಳಿ. ಇದ್ದರೂ ಸಾಲದು, ಯಾಕೆಂದರೆ ಅದಕ್ಕಿಂತ ಕಡಿಮೆ ಸದ್ದಿಗೂ ಶಾಕ್ ಆಗುತ್ತದೆ. ಹಠಾತ್ ಏರಿಕೆಯನ್ನೇ ಗುರುತಿಸಿ ತಗ್ಗಿಸುವ ಉಪಕರಣಗಳೂ ಬಂದಿವೆ.

ಇದಕ್ಕಿಂತ ಮುಖ್ಯವಾದದ್ದು ಫ್ಲೋರ್‌ನ ಗದ್ದಲ. ನೂರು ಜನ ಒಟ್ಟಿಗೆ ಮಾತಾಡುವ ಕಡೆ ಗ್ರಾಹಕರ ಮಾತು ಕೇಳಿಸಲ್ಲ ಅಂತ ಎಲ್ಲರೂ ವಾಲ್ಯೂಮ್ ಪೂರ್ತಿ ಏರಿಸಿ ಕೂರುತ್ತೇವೆ. ಆಗ ಫ್ಯಾಕ್ಸ್ ಟೋನ್ ಬಂದರೆ, ಆ ಕಡೆ ಹೊಗೆ ಅಲಾರಂ ಹೊಡೆದುಕೊಂಡರೆ, ಸಿಟ್ಟಿನ ಗ್ರಾಹಕ ಬೇಕಂತಲೇ ಸೀಟಿ ಊದಿದರೆ, ಎಲ್ಲವೂ ಪೂರ್ತಿ ವಾಲ್ಯೂಮ್‌ನಲ್ಲೇ ಬರುತ್ತವೆ. ಒಂದು ಕಾಲ್‌ಗೆ ಏರಿಸಿದ ವಾಲ್ಯೂಮ್ ಮುಂದಿನ ಕಾಲ್‌ಗೆ ಇಳಿಸಿ. ಸೀಟುಗಳ ನಡುವೆ ತಡೆ ಹಾಕಿಸಿ, ಹಾಳಾದ ಹೆಡ್‌ಸೆಟ್ ಬದಲಾಯಿಸಿ ಅಂತ ನಾಲ್ಕು ಜನ ಸೇರಿ ಕೇಳಿ, ಒಬ್ಬರೇ ಬೇಡ.

ಪರಿಹಾರದ ವಿಷಯ ನೇರವಾಗಿ ಹೇಳುತ್ತೇನೆ. ಕೆಲಸದ ಸದ್ದಿನಿಂದ ಬರುವ ಕಿವುಡು ನಮ್ಮಲ್ಲಿ ಉದ್ಯೋಗದ ಕಾಯಿಲೆಗಳ ಪಟ್ಟಿಯಲ್ಲಿ ಹಿಂದಿನಿಂದಲೂ ಇದೆ. ಕೇಳುವ ಶಕ್ತಿ ಸರಿಯಿದ್ದೂ ನೋವಿರುವ ಅಕೂಸ್ಟಿಕ್ ಶಾಕ್ ಹೆಸರು ಅದರಲ್ಲಿಲ್ಲ. ಅದಕ್ಕೇ ಅದೇ ದಿನದ ಮೇಲ್, ಅಪಘಾತದ ರಿಜಿಸ್ಟರ್, ಡಾಕ್ಟರ ಚೀಟಿ ಅಂತ ಇಷ್ಟು ಸಲ ಹೇಳುತ್ತಿರುವುದು. ಸಂಬಳದಲ್ಲಿ ಇಎಸ್‌ಐ ಕಡಿತ ಇದ್ದರೆ ಅಪಘಾತದ ವರದಿ ಇಎಸ್‌ಐಗೆ ಕಳಿಸಿ ಅಂತ ಎಚ್‌ಆರ್‌ಗೆ ಬರೆದು ಕೇಳಿ.

ಲಂಡನ್‌ನಲ್ಲಿ ಒಂದು ದೊಡ್ಡ ಕೇಸ್ ನಡೆದಿದೆ. ರಾಯಲ್ ಒಪೆರಾ ಹೌಸ್‌ನ ವಯೋಲಾ ವಾದಕ ಕ್ರಿಸ್ಟೋಫರ್ ಗೋಲ್ಡ್‌ಷೈಡರ್ 2012ರ ಸೆಪ್ಟೆಂಬರ್‌ನಲ್ಲಿ ರಿಹರ್ಸಲ್ ಮಾಡುವಾಗ, ತುತ್ತೂರಿಗಳ ಸಾಲು ಅವರ ಬೆನ್ನ ಹಿಂದೆಯೇ ಇತ್ತು. ಸದ್ದು 130 ಡೆಸಿಬಲ್ ದಾಟಿತ್ತು. ಅದರಿಂದ ಅವರ ವೃತ್ತಿಯೇ ನಿಂತುಹೋಯಿತು. 2018ರಲ್ಲಿ ಅಲ್ಲಿನ ಹೈಕೋರ್ಟ್ ಅಕೂಸ್ಟಿಕ್ ಶಾಕನ್ನು ನಿಜವಾದ ಗಾಯ ಅಂತ ಒಪ್ಪಿ ಅವರ ಪರ ತೀರ್ಪು ಕೊಟ್ಟಿತು. 2019ರಲ್ಲಿ ಮೇಲ್ಮನವಿಯಲ್ಲೂ ಅವರೇ ಗೆದ್ದರು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ 'ಹಾಗೊಂದು ಕಾಯಿಲೆಯೇ ಇಲ್ಲ' ಅನ್ನುವವರ ಮುಂದೆ ಇಡಬಹುದು.

ವಾಪಸ್ ಕೆಲಸಕ್ಕೆ

ಒಂದೇ ಸಲ ಪೂರ್ತಿ ಪಾಳಿಗೆ ಹೋಗಬೇಡಿ. ಮೊದಲು ಚಾಟ್ ಅಥವಾ ಇಮೇಲ್ ಕೆಲಸ ಕೊಡಿ ಅಂತ ಕೇಳಿ, ಡಾಕ್ಟರಿಂದ ಚೀಟಿ ಬರೆಸಿಕೊಂಡೇ ಕೇಳಿ. ಆಮೇಲೆ ದಿನಕ್ಕೆ ಒಂದು ಗಂಟೆ ಕಾಲ್, ಪೆಟ್ಟಾಗದ ಕಿವಿಯಲ್ಲಿ, ಕಡಿಮೆ ವಾಲ್ಯೂಮ್‌ನಲ್ಲಿ, ಗೋಡೆ ಪಕ್ಕದ ಸೀಟಿನಲ್ಲಿ. ಒಂದು ವಾರ ನೋವು ಏರದಿದ್ದರೆ ಎರಡು ಗಂಟೆ. ಕಾಲ್ ಶುರುವಾಗುವಾಗ ಹೆಡ್‌ಸೆಟ್ ಕಿವಿಯಿಂದ ಸ್ವಲ್ಪ ಸರಿಸಿ ಹಿಡಿದು, ಆ ಕಡೆಯ ದನಿ ಕೇಳಿದ ಮೇಲೆ ಕೂರಿಸಿಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಇದನ್ನು ಓದುತ್ತಿರುವ ನೀವು ಟೀಮ್ ಲೀಡರ್ ಆಗಿದ್ದರೆ, ನಿಮ್ಮ ತಂಡದ ಹುಡುಗಿಯೋ ಹುಡುಗನೋ ಹೆಡ್‌ಸೆಟ್ ಕಿತ್ತು ಕಿವಿ ಹಿಡಿದುಕೊಂಡಾಗ ಕಾಲ್‌ಗಳ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ಕಡೆ ನೋಡಬೇಡಿ. ಅವರನ್ನು ಹೊರಗೆ ಕರೆದುಕೊಂಡು ಹೋಗಿ, 'ಎಷ್ಟು ಗಂಟೆಗೆ ಆಯಿತು, ಯಾವ ಕಿವಿ?' ಅಂತ ಕೇಳಿ, ಅವರ ಪರವಾಗಿ ಆ ಮೇಲ್ ನೀವೇ ಹಾಕಿ.